ರಾಡ್‌ಗೆ ಇಟ್ಟ ಕುಂಕುಮ

ಅಕ್ಟೋಬರ್ 1, ಆಯುಧಪೂಜೆ

ಮದುವೆಯಾದ ಮೇಲೆ ಮೊದಲ ಪೂಜೆ, ಹಾಸನದ ನಮ್ಮ ವರ್ಕ್‌ಶಾಪಿನಲ್ಲಿ. ಶ್ರೇಯಾಂಸ್ ಬಿಳಿ ಪಂಚೆಯಲ್ಲಿ... ಎಷ್ಟು ಹ್ಯಾಂಡ್ಸಮ್, ನನ್ನ ಗಂಡ. ನಮ್ಮ ಲ್ಯಾಬಿಗೆ ನಾನು ಡಿಸೈನ್ ಮಾಡಿದ, ಪರಮಾಣುಗಳನ್ನು ತೂಕ ನೋಡಿ ಬೇರ್ಪಡಿಸುವ ಮಾಸ್ ಸ್ಪೆಕ್ಟ್ರೋಮೀಟರಿನ ನಾಲ್ಕು ರಾಡ್ ಅವರೇ ಗ್ರೈಂಡ್ ಮಾಡಿದ್ದು. ಕನ್ನಡಿಯ ಹಾಗಿವೆ. ತಿರುಗಿ ನೋಡಿದರೆ ಅತ್ತೆ ನಾಲ್ಕಕ್ಕೂ ಅರಿಶಿನ ಕುಂಕುಮ ಇಟ್ಟಾಗಿದೆ.

"ನಿನ್ನ ಆಯುಧ ಇದೇ ಅಲ್ವೇನಮ್ಮ? ಬಿಟ್ರೆ ಆಗುತ್ತಾ?"

ಬರಿಗೈಯಲ್ಲಿ ಮುಟ್ಟಲೂ ಬಾರದ ರಾಡ್. ಆದರೂ ಪ್ರೀತಿಗೆ ಕಣ್ಣು ತುಂಬಿತು. ಏನೂ ಹೇಳಲಿಲ್ಲ. ಆಲ್ಕೋಹಾಲಿನಲ್ಲಿ ತೊಳೆದರಾಯಿತು.

ಅಕ್ಟೋಬರ್ 9

ತೊಳೆದೆ. ಜೋಡಿಸಿದೆ. ಇವತ್ತು ಲ್ಯಾಬಿನಲ್ಲಿ ಖಾಲಿ ರನ್ — ಏನೂ ಕಾಣಬಾರದು. ಕ್ಸೆನಾನ್ ಪರಮಾಣು ಕ್ಷಯಿಸಿ ಬೇರಿಯಂ ಆಗುವುದನ್ನು ಹಿಡಿಯಲೆಂದೇ ಈ ಯಂತ್ರ. ವರ್ಷಕ್ಕೊಂದು ಅಯಾನು ಸಿಕ್ಕರೂ ಹಬ್ಬ. ಕ್ಸೆನಾನ್ ಹಾಕುವ ಮೊದಲೇ ಸ್ಕ್ರೀನ್ ತುಂಬ ಬೇರಿಯಂ.

ನಮ್ಮ ಹೆಡ್ ಗೌರೀಶಂಕರ ಸರ್ ಯಂತ್ರ ಆಫ್ ಮಾಡಿದರು. ಆಮೇಲೆ, "ರಾಡ್ ಮಾಡೋ ಜಾಗ ಕ್ಲೀನ್ ಇಲ್ಲ. ನಿಮ್ಮ ಯಜಮಾನರು ಅಂತ ಇನ್ನೊಂದೇ ಚಾನ್ಸ್. ಅದೂ ಹೀಗಾದ್ರೆ ಬೇರೆ ವರ್ಕ್‌ಶಾಪ್."

ಕುಂಕುಮಕ್ಕೆ ಬೆರೆಸುವ ಕೆಲವು ಕೆಂಪು ಬಣ್ಣಗಳಲ್ಲಿ ಬೇರಿಯಂ ಇರುತ್ತದೆ. ಈಗ ಓದಿದೆ. ಸ್ಕ್ರೂ ತೂತುಗಳ ಒಳಗೆ ತೊಳೆದೆನೆ?

ಅಕ್ಟೋಬರ್ 10

ಶ್ರೇಯಾಂಸ್‌ಗೆ ಹೇಳಿಬಿಟ್ಟೆ.

"ಅಮ್ಮಂಗೆ ಹೇಳ್ಬೇಡ ಕಣೆ, ನೊಂದ್ಕೋತಾರೆ. ನಿಮ್ ಸಾಹೇಬ್ರಿಗೂ ಬೇಡ, ನಮ್ಮನ್ನ ನೋಡಿ ನಗ್ತಾರೆ. ಹೊಸದು ಮಾಡ್ಕೊಡ್ತೀನಿ ಬಿಡು."

ಬೈಗುಳ ಅವರಿಗೆ, ಸಮಾಧಾನ ನನಗೆ. ಇಂಥ ಗಂಡ ಯಾರಿಗೆ ಸಿಗುತ್ತಾನೆ... ಯಾರಿಗೂ ಹೇಳುವುದಿಲ್ಲ ಎಂದೆ.

ಅಕ್ಟೋಬರ್ 27, ಮಧ್ಯಾಹ್ನ

ಹೊಸ ರಾಡ್ ಬಂತು. ಸೀಲ್ ಆದ ಡಬ್ಬಿ, ಸರ್ ಟೇಬಲ್ ಮೇಲೆ. ನಿರಾಳವಾಯಿತು.

ಊಟಕ್ಕೆ ಕೂತಾಗ ಚನ್ನರಾಯಪಟ್ಟಣದಿಂದ ಅತ್ತೆಯ ಫೋನ್.

"ಮೊದಲಿನವು ಕೆಟ್ಟೋದ್ವಂತಲ್ಲಮ್ಮ. ಯಾಕೆ ಅಂತ ಶ್ರೇಯಾಂಸ್ ಹೇಳ್ಲಿಲ್ಲ. ಯಾರ ಕಣ್ಣು ಬಿತ್ತೋ ಏನೋ. ನಿನ್ನೆ ನಾನು ವರ್ಕ್‌ಶಾಪಿಗೆ ಬಂದಿದ್ನಲ್ಲ, ಶ್ರೇಯಾಂಸ್ ಕಾಫಿಗೆ ಹೋದಾಗ ಹೊಸದಕ್ಕೂ ಕುಂಕುಮ ಇಟ್ಟೆ. ನಿಮಗೆ ಕಾಣಿಸ್ಬಾರದು ಅಂತ ಸೆರಗಲ್ಲಿ ಚೆನ್ನಾಗಿ ಒರೆಸಿದೀನಿ. ಒಂಚೂರೂ ಕಾಣಲ್ಲ, ಹೆದರ್ಬೇಡ."

ತಟ್ಟೆ ಸರಿಸಿದೆ. ಅತ್ತೆಗೆ ಅವತ್ತೇ ಹೇಳಿದ್ದರೆ...

ಗಾಜಿನಾಚೆ ಸರ್ ಗ್ಲೌಸ್ ಹಾಕಿಕೊಳ್ಳುತ್ತಿದ್ದಾರೆ. ಬಾಯಿ ಬಿಟ್ಟರೆ ಹೋಗುವುದು ಅತ್ತೆಯ ಮಾನ. ಬಿಡದಿದ್ದರೆ ಶ್ರೇಯಾಂಸ್ ಕೆಲಸ. ಡಬ್ಬಿ ಕೈಗೆ ತಗೊಂಡರು. ಈ ಸಾಲು ಮುಗಿಸಿ ಏಳುತ್ತೇನೆ. ಏನಂತ ಶುರು ಮಾಡಲಿ — ಸರ್, ನಮ್ಮತ್ತೆ