ಮೂರನೆಯ ಡ್ರಮ್ಮಿನ ಪೆಡಲ್

ಫೆಬ್ರವರಿ ೩, ಬೆಳಿಗ್ಗೆ

ಗಂಟೆ ಒರೆಸಿದೆ. ಬಾರಿಸಲು ಸ್ಟ್ಯಾಂಡಿಗೆ ತೂಗುಹಾಕಿದ ಉದ್ದುದ್ದ ಹಿತ್ತಾಳೆ ಕೊಳವೆಗಳು, ಎಷ್ಟು ಉಜ್ಜಿದರೂ ಬೆರಳಚ್ಚು ಉಳಿಯುತ್ತದೆ. ಸ್ಟ್ಯಾಂಡಿನ ಮೇಲೆ ಅತ್ತೆಯ ಟವೆಲ್. ತೆಗೆಯಿರಿ ಅಂದರೆ, "ನಿನ್ನ ಗಂಟೆ ತಿಂಗಳಿಗೊಂದ್ಸಲ ಹೊರಗೆ ಹೋಗತ್ತೆ. ನನ್ನ ಟವೆಲ್ ದಿನಾ ಒಣಗಬೇಕಲ್ಲಮ್ಮಾ" ಎಂದರು. ಲಾ ಪಾಯಿಂಟು. ಮಲಗುವ ಕೋಣೆಯಲ್ಲಿ ಬಾಸ್ ಡ್ರಮ್, ಮಂಚದ ಕೆಳಗೆ ಸಿಂಬಲ್, ಬಚ್ಚಲ ಬಾಗಿಲಲ್ಲಿ ಗಾಂಗ್. ಇವರು ಅಡ್ಡಡ್ಡ ನಡೆದು ಮಂಚ ಸೇರುತ್ತಾರೆ.

ಆರ್ಕೆಸ್ಟ್ರಾದವರ ಹತ್ತಿರ ಇವು ಇಲ್ಲ, ನನ್ನ ಹತ್ತಿರ ಇವೆ. ಅದಕ್ಕೇ ನನ್ನನ್ನು ಕರೆಯುವುದು. ಅಲ್ಲಿ ನನ್ನ ಹೆಸರು ಗಂಟೆಯಮ್ಮ. ಕೆಲಸ ಸಿಗಲಿ ಎಂದು ಇವನ್ನೆಲ್ಲ ಕೊಂಡವಳೂ ನಾನೇ. ಕೋಲು ಕೊಟ್ಟು ಹೊಡೆಸಿಕೊಂಡ ಹಾಗೆ.

ಫೆಬ್ರವರಿ ೯

ಟಿಂಪನಿ ಡ್ರಮ್ಮುಗಳನ್ನು ಬಾರಿಸುವ ಹಿರಿಯರು ನಿವೃತ್ತರಾಗುತ್ತಿದ್ದಾರಂತೆ! ಖಾಯಂ ಜಾಗ. ಆಡಿಷನ್ ಪರದೆಯ ಹಿಂದೆ — ಬಾರಿಸುವವರು ಯಾರೆಂದು ಕೇಳುವವರಿಗೆ ಗೊತ್ತಾಗಬಾರದು. ಅರ್ಜಿ ಹಾಕಿದೆ. ಮ್ಯಾನೇಜರ್ ಮುಖ ಹುಳ್ಳಗಾಯಿತು.

"ನೀವು ಅಲ್ಲಿಗೆ ಹೋದ್ರೆ ಗಂಟೆ ಯಾರು ಬಾರಿಸ್ತಾರೆ? ಸಾಮಾನೆಲ್ಲ ಯಾರು ನೋಡ್ಕೋತಾರೆ?"

ಯಾರಾದರೂ ನೋಡಿಕೊಳ್ಳಲಿ. ಆ ನಾಲ್ಕು ಡ್ರಮ್ಮುಗಳ ನಡುವೆ ನಾನು ಕೂರಬೇಕು. ಬೇಕು ಅಂದರೆ ಬೇಕು.

ಅತ್ತೆಗೆ ಹೇಳಿದೆ. "ಆ ತಾಮ್ರದ ಹಂಡೆಗಳಾ? ಅವೂ ಮನೆಗೆ ಬರ್ತಾವಾ?" ಇಲ್ಲ, ಅವು ಆರ್ಕೆಸ್ಟ್ರಾದವೇ. "ಹಾಗಿದ್ರೆ ಗೆದ್ಕೊಂಡು ಬಾ."

ಫೆಬ್ರವರಿ ೨೦

ಮೂರನೆಯ ಡ್ರಮ್ಮಿನ ಪೆಡಲ್ ಮತ್ತೆ ಜಾರುತ್ತಿದೆ. ಒತ್ತಿ ಶ್ರುತಿ ಕೂರಿಸಿದರೆ ನಾಲ್ಕು ಏಟು ಬೀಳುವಷ್ಟರಲ್ಲಿ ಇಳಿದಿರುತ್ತದೆ. ಪಾದದಿಂದ ಎಡಕ್ಕೆ ತಳ್ಳಿ ಹಿಡಿದರೆ ಮಾತ್ರ ನಿಲ್ಲುತ್ತದೆ. ಹಿರಿಯರನ್ನೂ ನನ್ನನ್ನೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಆಡಿಷನ್ನಿಗೆ ಮುಂಚೆ ಸರಿ ಮಾಡಿಸಿ, ಹೊರಗಿನವರಿಗೆ ಅನ್ಯಾಯ ಆಗುತ್ತದೆ ಎಂದೆ.

"ಆಮೇಲೆ ನೋಡೋಣ ಬಿಡಿ" ಎಂದರು ಮ್ಯಾನೇಜರ್.

ಬಿಟ್ಟೆ. ಹೇಳುವುದು ಹೇಳಿಯಾಯಿತು.

ಮಾರ್ಚ್ ೧೧, ಮಧ್ಯಾಹ್ನ

ಆಯಿತು. ಹೆಜ್ಜೆ ಸದ್ದಿಗೂ ಗುರುತು ಸಿಗಬಾರದೆಂದು ಜಮಖಾನ ಹಾಸಿದ್ದರು. ನಾನು ಕೆಮ್ಮಲೂ ಇಲ್ಲ. ಕೈ ಹಗುರ, ಎಲ್ಲ ನೀರು ಕುಡಿದಷ್ಟು ಸಲೀಸು. ಮೂರನೆಯ ಡ್ರಮ್ ಬಂತು. ಕಾಲು ತಾನಾಗಿಯೇ ಹೋಗಿ ಪೆಡಲನ್ನು ಎಡಕ್ಕೆ ತಳ್ಳಿ ಹಿಡಿಯಿತು. ಶ್ರುತಿ ಕೂದಲೆಳೆಯಷ್ಟೂ ಕದಲಲಿಲ್ಲ.

ಪರದೆಯಾಚೆ ಯಾರೋ ಕಿಸಕ್ಕೆಂದರು. ಆಮೇಲೆ ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ದನಿ, ಮೆಲ್ಲಗೆ: "ನಮ್ಮ ಗಂಟೆಯಮ್ಮ."

ಬೆಳಗಿನಿಂದ ಬಂದವರೆಲ್ಲರ ಶ್ರುತಿ ಅಲ್ಲೇ ಇಳಿದಿತ್ತಂತೆ. ಇಳಿಯದವಳು ನಾನೊಬ್ಬಳೇ.

ಮಾರ್ಚ್ ೧೩

ನನ್ನದೇ ಮೊದಲ ನಂಬರು. ಆದರೆ ಗುರುತು ಸಿಕ್ಕಿದ್ದರಿಂದ ಆಡಿಷನ್ ರದ್ದು. ಮತ್ತೆ ನಡೆಸುತ್ತಾರಂತೆ. ಸರಿ, ಮತ್ತೆ ಬಾರಿಸುತ್ತೇನೆ ಎಂದೆ. ಮ್ಯಾನೇಜರ್ ಬೆಣ್ಣೆ ಹಚ್ಚಿದರು.

"ನೀವು ಕೂರೋ ಹಾಗಿಲ್ಲಮ್ಮಾ. ಡ್ರಮ್ಮಿನ ಗುಟ್ಟೆಲ್ಲ ನಿಮಗೆ ಗೊತ್ತು, ಹೊರಗಿನವರಿಗೆ ಅನ್ಯಾಯ ಆಗಲ್ವಾ? ಜೋಡ್ಸಿಕೊಡೋಕೆ ಬನ್ನಿ ಸಾಕು. ಆ ಪೆಡಲ್ಲೂ ನೀವೇ ಒಂಚೂರು ನೋಡ್ಬಿಡಿ."

ಮೈಯೆಲ್ಲ ಉರಿದುಹೋಯಿತು. ಬಾಯಿಂದ ಬಂದದ್ದು ಮಾತ್ರ — "ಆಯ್ತು ಸಾರ್."

ಥೂ.

ಏಪ್ರಿಲ್ ೨

ಬರೆಯಲು ಮನಸ್ಸೇ ಇರಲಿಲ್ಲ.

"ಬರಲ್ಲ ಅಂದ್ಬಿಡು. ಅಷ್ಟೇ ತಾನೆ?" ಎಂದರು ಇವರು. ಅಂದರೆ ನಾಳೆ ಗಂಟೆಗೂ ಕರೆಯುವುದಿಲ್ಲ. ಆಮೇಲೆ ಈ ಮನೆ, ಈ ಸಾಮಾನು, ನಡುವೆ ನಾನು. ಅತ್ತ ದರಿ, ಇತ್ತ ಪುಲಿ.

"ಅಂತೂ ಯಾರು ಗೆದ್ರೂ ಹಂಡೆ ಉಜ್ಜೋಳು ನೀನೇ ಅನ್ನು" ಎಂದರು ಅತ್ತೆ. ಬೈಯಬೇಕೆನಿಸಿತು. ಅಳು ಬಂತು.

ಏಪ್ರಿಲ್ ೬, ಬೆಳಿಗ್ಗೆ

ಇವತ್ತು ಎರಡನೆಯ ಆಡಿಷನ್.

ನಿನ್ನೆ ಪೆಡಲ್ ಬಿಚ್ಚಿ ಸ್ಪ್ರಿಂಗ್ ಬದಲಾಯಿಸಿದೆ. ಹಾಳಾಗಿ ಹೋಗಲಿ ಎಂದು ಬಿಡಬೇಕಿತ್ತು, ಕೈ ಕೇಳಲಿಲ್ಲ. ಈಗ ಯಾರು ಕೂತರೂ ಜಾರುವುದಿಲ್ಲ. ಅಂದರೆ... ನನ್ನ ಹತ್ತಿರ ಗುಟ್ಟೇ ಇಲ್ಲ. ಮತ್ತೆ ನಾನ್ಯಾಕೆ ಕೂರಬಾರದು?

ಇದನ್ನೇ ಹೇಳುತ್ತೇನೆ. ಜೋಡಿಸಿ ಮುಗಿಸಿ, ಪರದೆಯ ಹಿಂದಿನಿಂದ ಏಳುವುದೇ ಇಲ್ಲ. ನನ್ನ ಕೋಲುಗಳನ್ನು ಚೀಲಕ್ಕೆ ಹಾಕಿಕೊಂಡಿದ್ದೇನೆ.

ವ್ಯಾನ್ ಬಂತು. ಮ್ಯಾನೇಜರೇ ಬಂದಿದ್ದಾರೆ. "ಗಂಟೆಯಮ್ಮಾ, ರೆಡೀನಾ?" ಎನ್ನುತ್ತಿದ್ದಾರೆ ಬಾಗಿಲಲ್ಲಿ.

"ಬಂದೆ ಸಾರ್" ಅಂದುಬಿಟ್ಟೆ.

ಇಲ್ಲ, ದಾರಿಯಲ್ಲಿ ಹೇಳುತ್ತೇನೆ. ವ್ಯಾನ್ ಹತ್ತಿದ ಕೂಡಲೇ ಹೇ—