ರಾಯಭಾರಿ ಸತ್ತ ಹಟ್ಟಿಯಿಂದ

ಅಣ್ಣಾ,

ನನಗೆ ಭಯವಾಗಿದೆ. ಹಟ್ಟಿಯವರೆಲ್ಲ ನನ್ನ ಬಾಯಿಗೆ ಹೆದರುತ್ತಾರೆ. ನಾನೇ ಹೆದರಿದ್ದೇನೆ ಅಂದರೆ ಯಾರು ನಂಬುತ್ತಾರೆ? ತೋಟದಲ್ಲಿ ಕಾಡೆಮ್ಮೆ ಎದುರಾದಾಗ ನಿನ್ನ ಬೆನ್ನ ಹಿಂದೆ ಅವಿತವಳು ನಾನು. ನೀನು ನಂಬುತ್ತೀಯ.

ನನ್ನ ಮೊಮ್ಮಗಳು ಸುಮತಿ ಕೆಳಹಟ್ಟಿಯ ಕೃಷ್ಣನನ್ನು ಕಟ್ಟಿಕೊಂಡ ದಿನ ನೆನಪಿದೆಯಾ? ಹಳ್ಳದ ನೀರಿನ ಜಗಳದಲ್ಲಿ ಎರಡು ಹಟ್ಟಿಗೂ ಮಾತಿಲ್ಲ, ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟುವುದಿಲ್ಲ. ಆ ಮದುವೆಗೆ ಹೋದವನು ನೀನೊಬ್ಬನೇ. ಹುಡುಗರು ಈ ಗಲಾಟೆಯೇ ಬೇಡವೆಂದು ಯುರೋಪಿಗೆ ಹೋದರು. ಅಲ್ಲಿ ನಮ್ಮ ಜಿಲ್ಲೆಯಷ್ಟೇ ಇರಬಹುದಾದ ಎರಡು ದೇಶ, ನಡುವೆ ನದಿ, ಒಂದು ಸೇತುವೆ. ಈ ದಡದಲ್ಲಿ ಸುಮತಿ ಮುದುಕರನ್ನು ನೋಡಿಕೊಳ್ಳುತ್ತಾಳೆ. ಕೃಷ್ಣ ಆ ದಡದಲ್ಲಿ ಲಾರಿ ಓಡಿಸಿ ಸಂಜೆ ನಡೆದು ಮನೆಗೆ ಬರುತ್ತಿದ್ದ. ದೇಶಗಳ ಹೆಸರು ಬರೆಯುವುದಿಲ್ಲ. "ಈಗ ಯಾವುದನ್ನೂ ಬರೀಬೇಡ ಹೆತ್ತೆ" ಅಂದಿದ್ದಾಳೆ. ಅಲ್ಲಿದ್ದರೂ ಅಜ್ಜಿ ಅನ್ನುವುದಿಲ್ಲ, ನಮ್ಮ ಮಾತಿನಲ್ಲೇ ಹೆತ್ತೆ ಅನ್ನುತ್ತಾಳೆ.

ಹೋದ ತಿಂಗಳು ಆ ದೇಶಗಳೂ ಜಗಳವಾಡಿದವು. ಒಬ್ಬರ ರಾಯಭಾರಿಯನ್ನು ಇನ್ನೊಬ್ಬರು ಮನೆಗೆ ಅಟ್ಟಿ, ಸೇತುವೆಗೆ ಗೇಟು ಹಾಕಿದರು. ಕೃಷ್ಣ ಆ ಕಡೆಯೇ ಉಳಿದ. ಇವಳು ತುಂಬು ಬಸುರಿ.

"ರಾಯಭಾರಿ ಅಂದರೆ ಏನು ಮಾಡೋವನೇ?" ಅಂತ ಫೋನಿನಲ್ಲಿ ಕೇಳಿದೆ.

"ಅಜ್ಜ ಮಾಡ್ತಿದ್ದರಲ್ಲ ಹೆತ್ತೆ, ಅದೇ ಕೆಲಸ. ಇವರು ಕೋಟು ಹಾಕ್ಕೊಂಡು ಮಾಡ್ತಾರೆ."

ನಕ್ಕೆ. ನಿಜ ತಾನೇ? ಹೆರಿಗೆಗೂ ಸಾವಿಗೂ ಸುದ್ದಿ ಹೊತ್ತು ಕೋಲೂರಿಕೊಂಡು ಕೆಳಹಟ್ಟಿಗೆ ಇಳಿಯುತ್ತಿದ್ದವನು ನೀನು. ಆಮೇಲೆ ಅವಳು ಅತ್ತಳು. ರಕ್ತದೊತ್ತಡ ಏರಿದೆಯಂತೆ, ಕಾಲೆಲ್ಲ ಊದಿದೆಯಂತೆ, ಬೇಗ ಹೊಟ್ಟೆ ಕುಯ್ದು ಮಗು ತೆಗೆಯಬೇಕಂತೆ. ಎರಡು ದೇಶಕ್ಕೂ ಬೇಕಾದ ಮೂರನೆಯ ದೇಶದವರ ಕಚೇರಿ ಮಾತ್ರ ತೆರೆದಿದೆ. ಇಂಥ ಕಷ್ಟಕ್ಕೆ ಅವರು ಸೇತುವೆ ದಾಟಿಸುತ್ತಾರೆ. ಆದರೆ ಆ ದಡದಲ್ಲಿ ಕೃಷ್ಣನೇ ಹೋಗಿ ಕೇಳಬೇಕು. "ನಮ್ಮವರಿಗೆ ನಾನು ಏನೂ ಹೇಳಿಲ್ಲ ಹೆತ್ತೆ. ಹೆದರಿಬಿಡ್ತಾರೆ." ಹೆದರಲಿ, ಹೇಳು ಅಂತ ಬೈದೆ. ಕಟ್ ಮಾಡಿದಳು. ಕೃಷ್ಣನ ನಂಬರು ನನ್ನ ಹತ್ತಿರ ಎಲ್ಲಿದೆ? ಕೆಳಹಟ್ಟಿಯವನ ನಂಬರು ನಾನು ಯಾಕೆ ಇಟ್ಟುಕೊಳ್ಳಲಿ ಅಂತ...

ನೀನು ಇಳಿಯುತ್ತಿದ್ದ ದಾರಿಯಲ್ಲಿ ಈಗ ಮುಳ್ಳು ಬೆಳೆದಿದೆ. ನೀನು ಸತ್ತ ಮೇಲೆ ಯಾರೂ ಇಳಿದಿರಲಿಲ್ಲ, ನಾನು ಇಳಿದೆ. ಕೃಷ್ಣನ ತಾಯಿ ಮಾದಮ್ಮ ಬೇಲಿ ಪಕ್ಕದಲ್ಲಿ ಟೀ ಎಲೆ ಕೀಳುತ್ತಿದ್ದಳು. ನನ್ನನ್ನು ಕಂಡು ಅವಳ ಮುಖ ಬಿಳುಚಿತು.

"ಯಾರು ಸತ್ತರು?"

"ಯಾರೂ ಇಲ್ಲ. ನಿನ್ನ ಮಗನಿಗೆ ಫೋನ್ ಹಾಕು."

ವಿಷಯ ಕೇಳಿ ಬೆನ್ನಿನ ಬುಟ್ಟಿ ಬಿಸಾಕಿ ಕುಸಿದಳು. ಅವಳ ಹತ್ತಿರ ಇದ್ದ ಸುದ್ದಿ ಇನ್ನೂ ಕೆಟ್ಟದ್ದು. ಶನಿವಾರ ನದಿಗೆ ಇಳಿದು ಈಜಿ ದಾಟುತ್ತೇನೆ, ಸುಮತಿಗೆ ಹೇಳಬೇಡ ಅಂತ ಕೃಷ್ಣ ಹೇಳಿದ್ದನಂತೆ. ಆ ದಡದ ತುಂಬ ಬಂದೂಕು ಹಿಡಿದವರು, ಅಣ್ಣಾ!

"ಇಬ್ಬರೂ ಸುಳ್ಳರು. ಒಳ್ಳೆ ಜೋಡಿ" ಅಂದೆ.

"ನಿನ್ನ ಮೊಮ್ಮಗಳು ಕಲಿಸಿದ್ದು" ಅಂದಳು, ಅಳುತ್ತಲೇ.

ಫೋನು ಕಿತ್ತುಕೊಂಡೆ. "ನದಿಗೆ ಕಾಲಿಟ್ಟರೆ ಅಲ್ಲಿಗೇ ಬಂದು ಮುರೀತೀನಿ!"

ಆ ಕಡೆ ಕೃಷ್ಣ, "ಹೆತ್ತೆ, ನೀವು... ನಮ್ಮ ಮನೆಯಿಂದ ಮಾತಾಡ್ತಿದ್ದೀರಾ?"

ಎಲ್ಲ ಹೇಳಿದೆ. ಅವನು ಆ ಕಚೇರಿಗೆ ಓಡಿದ. ಅಪ್ಪಣೆಯ ಕಾಗದ ಸಿಕ್ಕಿದೆ. ಇವತ್ತು ಸೇತುವೆ ಹತ್ತುತ್ತಾನೆ.

ಈಗ ಮಾದಮ್ಮನ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಆಸ್ಪತ್ರೆಯಲ್ಲಿ ಸುಮತಿಯನ್ನು ಬೆಳಗ್ಗೆಯೇ ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು. ಫೋನು ನಮ್ಮಿಬ್ಬರ ನಡುವೆ ಮಲಗಿದೆ, ಕೂಗುತ್ತಿಲ್ಲ. ಗೇಟಿನವನು ಆ ಕಾಗದ ಒಪ್ಪದಿದ್ದರೆ? ಇವನು ತಲುಪುವ ಮೊದಲೇ ಅವಳು... ಬರೆಯುವುದಿಲ್ಲ.

ನೀನು ಎಷ್ಟು ಸಾವಿಗೆ ಇಲ್ಲಿಗೆ ಬಂದರೂ ಇವರ ನೀರು ಮುಟ್ಟಿದವನಲ್ಲ. ನನ್ನ ಗಂಟಲು ಒಣಗಿತ್ತು. ಮಾದಮ್ಮ ಚೊಂಬು ತಂದು ದೂರದಲ್ಲಿಟ್ಟು ನಿಂತಳು. ಕೈಗೆ ಕೊಡಲು ಅವಳಿಗೂ ಭಯ. ಎತ್ತಿ ಕುಡಿದೆ, ಅಣ್ಣಾ. ಬೈಯುವುದಾದರೆ ಬೈ. ಅದೇ ಹಳ್ಳದ ನೀರು, ನಮ್ಮ ಮನೆಯದ್ದೇ ರುಚಿ.

ಫೋನು ಏನೇ ಹೇಳಲಿ, ನಾಳೆಯೂ ಇಳಿದು ಬರುತ್ತೇನೆ, ನಾಡಿದ್ದೂ ಬರುತ್ತೇನೆ. ನನ್ನನ್ನು ಕಂಡರೆ ಯಾರು ಸತ್ತರು ಅಂತ ಇವಳು ಕೇಳುವುದನ್ನು ಬಿಡುವವರೆಗೆ.

ನಿನ್ನ ತಂಗಿ