ಅರಿವೆ ಕೇಳಿ ಹಾಕುವ ಹೊಲಿಗೆ

ಭಾಂಡುಪ್, ಮುಂಬಯಿ, ಭಾನುವಾರ

ಡಾಕ್ಟರ್ ಧಾತ್ರಿಯವರಿಗೆ, ಬ್ಲೌಸ್ ಹೊಲಿಯುವ ಅಂಬವ್ವನ ಶರಣು.

ಬುಧವಾರ ನೀವು ನನ್ನ ಬಲಭುಜದ ಆಪರೇಷನ್ ಮಾಡುವವರು. ಅದಕ್ಕೆ ಮೊದಲು ನಾಲ್ಕು ಮಾತು ಹೇಳಬೇಕಿದೆ. ಫೋನಿನಲ್ಲಿ ಹೇಳಿದರೆ ಗಡಿಬಿಡಿಯಲ್ಲಿ "ಹ್ಞೂಂ ಆಂಟಿ, ಹ್ಞೂಂ ಆಂಟಿ" ಅಂದುಬಿಡುತ್ತೀರಿ. ನಿಮ್ಮ ತಾಯಿ ಹಟ ಹಿಡಿದು ನಿಮಗೆ ಕನ್ನಡ ಓದಲು ಕಲಿಸಿದ್ದಾರಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊಣಕೈಯನ್ನು ಮೇಜಿಗೆ ಊರಿದರೆ ಕೈ ಇಷ್ಟು ಕೆಲಸ ಮಾಡುತ್ತದೆ, ಮೇಲೆ ಮಾತ್ರ ಏಳುವುದಿಲ್ಲ. ಲೋಕಲ್ ರೈಲಿನಲ್ಲಿ ಹಿಡಿಕೆ ಹಿಡಿದು ನಿಂತಾಗ ಗಾಡಿ ಜಗ್ಗಿತಲ್ಲ, ಅಂದಿನಿಂದ ಎಂಟು ತಿಂಗಳಾಯಿತು, ನನ್ನ ತುರುಬನ್ನು ನಾನೇ ಕಟ್ಟಿಕೊಂಡಿಲ್ಲ. ಗಿರಾಕಿಯ ಭುಜಕ್ಕೆ ಟೇಪು ಹಿಡಿಯಲಾಗದವಳು ಎಂಥ ಟೇಲರ್, ನೀವೇ ಹೇಳಿ. ಮೂವತ್ತೆಂಟು ವರ್ಷದ ಅಂಗಡಿ ಈ ಒಂದು ಕೈಯ ಮೇಲೆ ನಿಂತಿದೆ.

ನಿಮಗಿಂತ ಮೊದಲು ತೋರಿಸಿದ ದೊಡ್ಡ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಒಂದೇ ನಿಮಿಷದಲ್ಲಿ ತೀರ್ಪು ಕೊಟ್ಟರು. "ಡಬಲ್ ರೋ ಡಾಲೇಂಗೆ, ಏಕದಮ್ ಪಕ್ಕಾ." ಎರಡು ಸಾಲು ಹೊಲಿಗೆಯಂತೆ, ಗಟ್ಟಿಯಂತೆ. ನೀವು ಹಾಗೆನ್ನಲಿಲ್ಲ. ಕಾಗದದ ಮೇಲೆ ಎಲುಬು ಬರೆದಿರಿ, ಅದರಿಂದ ಕಿತ್ತುಬಂದ ಟೆಂಡನ್ ಎಂಬ ನಾರಿನ ಪಟ್ಟಿ ಬರೆದಿರಿ, ಅದನ್ನು ಮತ್ತೆ ಎಲುಬಿಗೆ ಹೊಲಿಯುವ ಎರಡು ಬಗೆ ತೋರಿಸಿದಿರಿ. "ಎರಡು ಸಾಲು ಹಾಕಿದ್ರೆ ಅಗಲವಾಗಿ ಕೂರತ್ತೆ ಆಂಟಿ. ಆದ್ರೆ ಟೆಂಡನ್ ತೆಳು ಇದ್ದು, ಎಳೆದು ಟೈಟ್ ಮಾಡಿದ್ರೆ, ಹೊಲಿಗೆ ಪಕ್ಕದಲ್ಲೇ ಹರಿಯೋ ಚಾನ್ಸ್ ಇರತ್ತೆ. ಆಗ ಒಂದೇ ಸಾಲು ಬೆಟರ್. ದುರ್ಬೀನ್ ಒಳಗೆ ಹಾಕಿ, ಮೆಲ್ಲಗೆ ಎಳೆದು ನೋಡಿ ಡಿಸೈಡ್ ಮಾಡ್ತೀನಿ." ಆ ಕ್ಷಣವೇ ನಾನು ಮನಸ್ಸಿನಲ್ಲಿ ನಿಮಗೆ ಭುಜ ಒಪ್ಪಿಸಿಬಿಟ್ಟೆ.

ಕೆಡಿಸಿದವಳು ನನ್ನ ಮಗಳು ಮಾಧುರಿ. "ಅವ್ವಾ, ಅವರು ಪಕ್ಕಾ ಅಂತಾರ, ಇವರು ಇನ್ನೂ ನೋಡ್ತೀನಿ ಅಂತಾರ" ಎಂದು ನನಗೆ ಹೇಳಿ, ನಿಮ್ಮ ಕಡೆ ತಿರುಗಿ "ಡಬಲ್ಲೇ ಹಾಕ್ರಿ ಮೇಡಂ, ನಾಳೆ ಹರಿದ್ರ ನಿಮ್ಮನ್ನ ಕೇಳ್ತೀನಿ" ಅಂದಳು. ನಿಮ್ಮ ಮುಖ ಸಣ್ಣದಾಯಿತು. "ಸರಿ, ಡಬಲ್ಲೇ ಮಾಡೋಣ" ಅಂದಿರಿ. ಆ ಮಾತು ನನಗೆ ಸೇರಲಿಲ್ಲ.

ಯಾಕೆಂದರೆ ಆ ತಪ್ಪನ್ನು ನಾನು ಮಾಡಿದ್ದೇನೆ. ಮದುವೆಯಾಗಿ ಬೆಳಗಾವಿಯಿಂದ ಈ ಊರಿಗೆ ಬಂದ ವರ್ಷ, ಅತ್ತೆ ರಾಚವ್ವ ತಮ್ಮ ಧಾರೆಯ ಇಳಕಲ್ ಸೀರೆ ಕೊಟ್ಟು, ಅದರಲ್ಲಿ ಕುಪ್ಪಸ ಹೊಲಿಯಲು ಹೇಳಿದರು. ಕೆಟ್ಟರೆ ಏನಂದಾರೋ ಎಂಬ ಹೆದರಿಕೆಗೆ ಎಲ್ಲ ಕಡೆ ಎರಡೆರಡು ಸಾಲು, ಒತ್ತೊತ್ತಾಗಿ ಹಾಕಿದೆ. ಚಾಳಿನ ಮದುವೆಯೊಂದರಲ್ಲಿ ಅವರು ಅಕ್ಷತೆ ಹಾಕಲು ಕೈಯೆತ್ತಿದರು, ಕುಪ್ಪಸದ ಬೆನ್ನು ಬಾಯಿಬಿಟ್ಟಿತು. ಒಂದು ದಾರವೂ ಕಡಿದಿರಲಿಲ್ಲ. ಸೂಜಿಯ ತೂತುಗಳ ಗುಂಟ ಹಳೆಯ ಬಟ್ಟೆಯೇ ಹರಿದಿತ್ತು. ಅತ್ತೆ ಬೈಯಲಿಲ್ಲ. ಸೆರಗು ಹೊದ್ದುಕೊಂಡು, "ಹೊಲಿಗಿ ಗಟ್ಟಿ ಐತವಾ, ಆದ್ರ ನೀ ಅರಿವೀನ ಕೇಳಲಿಲ್ಲ" ಅಂದರು. ಇಂದಿಗೂ ಹಳೆಯ ಬಟ್ಟೆ ಬಂದರೆ ಮೊದಲು ಎರಡು ಬೆರಳಲ್ಲಿ ಎಳೆದು ನೋಡುತ್ತೇನೆ.

ನನ್ನದು ಅರವತ್ತೊಂದು ವರ್ಷದ ಅರಿವೆ ತಾಯಿ. ಒಳಗೆ ಹೋಗಿ ಅದನ್ನು ಕೇಳಿ. ಎರಡು ಸಾಲು ತಾಳುತ್ತದೆ ಎಂದರೆ ಎರಡು ಹಾಕಿ, ಒಂದೇ ಎಂದರೆ ಒಂದು ಹಾಕಿ ಹೊರಗೆ ಬನ್ನಿ. ನನ್ನ ಮಗಳ ಬಾಯಿಗೆ ಹೆದರಿ ಮಾತ್ರ ಒಂದು ಹೊಲಿಗೆಯನ್ನೂ ಹೆಚ್ಚು ಹಾಕಬೇಡಿ. ಅಷ್ಟಾಗಿಯೂ ಹರಿದರೆ, ನಿಮ್ಮ ಕಡೆ ಬೆರಳು ತೋರಿಸುವವಳು ನಾನಲ್ಲ. ಇದನ್ನು ಮಾಧುರಿಯ ಕೈಯಲ್ಲೇ ಕಳಿಸುತ್ತಿದ್ದೇನೆ, ಲಕೋಟೆ ಅಂಟಿಸಿಲ್ಲ. ಅಕ್ಷರ ಕೂಡಿಸಿ ಕೂಡಿಸಿ ಓದಿದರೂ ನಿಮ್ಮ ಆಸ್ಪತ್ರೆಯ ಸಯನ್ ಸ್ಟೇಷನ್ ಬರುವಷ್ಟರಲ್ಲಿ ಮುಗಿಸುತ್ತಾಳೆ. ಓದಲಿ.

ಇನ್ನೊಂದು ಮಾತು. ನನ್ನ ಅಳತೆ ಪುಸ್ತಕದಲ್ಲಿ ನಿಮ್ಮ ಹೆಸರು ಬರೆದು ಒಂದು ಪುಟ ಖಾಲಿ ಬಿಟ್ಟಿದ್ದೇನೆ. ಆರು ತಿಂಗಳು ಬಿಟ್ಟು ಬ್ಲೌಸ್ ಪೀಸ್ ತನ್ನಿ. ನೀವು ನನಗಿಂತ ಒಂದು ಗೇಣು ಎತ್ತರ. ನಿಮ್ಮ ಭುಜದ ಅಳತೆ ತೆಗೆಯಬೇಕಾದರೆ ನನ್ನ ಕೈ ಅಷ್ಟು ಮೇಲೆ ಏರಲೇಬೇಕು. ಸ್ಟೂಲು ಹಾಕಿಕೊಳ್ಳುವುದಿಲ್ಲ, ನಿಮಗೆ ಬಗ್ಗಿ ಎಂದೂ ಹೇಳುವುದಿಲ್ಲ.

ನಿಮ್ಮ ಹೊಟ್ಟೆ ತಣ್ಣಗಿರಲಿ, ಬುಧವಾರ ಕೈ ನಡುಗದಿರಲಿ.

ನಿಮ್ಮ ಅಳತೆಗೆ ಕಾದಿರುವ,
ಅಂಬವ್ವ